ಮಲಕೊಂಡು ಹೋಗೂದು ದೌಲತ್ತಲ್ಲ

"ಒಂದ ರಾತ್ರಿ ಕುಂತು ಹೋದ್ರ ಏನ್ ಸಾಯ್ತೀರೇನು?"

ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ಕಡೆ ಈ ಮಾತು ಕೇಳದ ಮನಿ ಇರಾಕಿಲ್ಲ. ಬೆಂಗಳೂರಿಗೆ ಹೋಗಬೇಕು ಅಂದಕೂಡ್ಲೆ ಮನಿಯಾಗ ಯಾರರ ಒಬ್ರು ಇದನ್ನ ಅಂದ ಅಂತಾರ. ಅನ್ನೋರು ಬಹಳ ಸಲ ಗಂಡಸರು, ಅನಿಸಿಕೊಳ್ಳೋರು ಬಹಳ ಸಲ ಹೆಂಗಸರು. ಸ್ಲೀಪರ್ ಟಿಕೆಟ್ ಕೇಳಿದ್ರ ರೊಕ್ಕ ಹಾಳ ಮಾಡೋರು, ಮಲಕೊಂಡು ಹೋಗ್ತೀನಿ ಅಂದ್ರ ದೌಲತ್ತು ಮಾಡೋರು. ಈ ಮಾತಿಗೆ ಒಂದ್ಸಲ ಪೂರಾ ಉತ್ತರ ಕೊಡಬೇಕು ಅಂತ ಬಾಳ ದಿನದಿಂದ ಅನಸ್ತಿತ್ತು. ಯಾಕಂದ್ರ ಇದೇ ಮಾತನ್ನ ಮನಿಯವ್ರು ಬಾಯಿಲೆ ಅಂತಾರ, ಸರಕಾರದವ್ರು ಗಾಡಿಯಿಂದ ಸ್ಲೀಪರ್ ಡಬ್ಬಿ ತಗದು ಅಂತಾರ. ಎರಡರ ಅರ್ಥನೂ ಒಂದ: ನಿಮ್ಮ ನಿದ್ದಿಗೆ ಬೆಲಿ ಇಲ್ಲ.

ಮೊದಲ ಒಂದು ಲೆಕ್ಕ ನೋಡ್ರಿ. ನಮ್ಮ ಊರುಗಳಿಂದ ರಾತ್ರಿ ಬೆಂಗಳೂರಿಗೆ ಯಾರು ಹೋಗತಾರ? ಲಾಲಬಾಗ್ ನೋಡಾಕ ಹೋಗೋರು ನೂರಕ್ಕ ಎಷ್ಟು ಮಂದಿ? ಕಿದ್ವಾಯಿಗೆ ಹೋಗೋರು, ನಿಮ್ಹಾನ್ಸ್‌ಗೆ ಹೋಗೋರು, ಜಯದೇವಕ್ಕ ಹೋಗೋರು, ಪರೀಕ್ಷೆ ಬರಿಯಾಕ ಹೋಗೋ ಹುಡುಗ್ರು, ಸೋಮವಾರ ಮುಂಜಾನೆ ಡ್ಯೂಟಿ ಹತ್ತಬೇಕಾದ ಸೆಕ್ಯೂರಿಟಿಯವ್ರು, ಮಗಳ ಬಾಣಂತನಕ್ಕ ಹೋಗೋ ತಾಯಂದಿರು. ಇವ್ರಿಗೆಲ್ಲ ಬೆಂಗಳೂರು ಮುಟ್ಟಿದ ದಿನಾನ ದೊಡ್ಡ ಕೆಲಸದ ದಿನ. ಆಸ್ಪತ್ರಿ ಚೀಟಿ ಪಾಳಿ ಹೊತ್ತು ಏರೋ ಮೊದಲ ಹತ್ತತೈತಿ. ಪರೀಕ್ಷೆ ಹಾಲಿನಾಗ ಕಣ್ಣು ಕೂಡಿದ್ರ ವರ್ಷ ಹೋತು. ಬಾಣಂತನಕ್ಕ ಹೋದ ತಾಯಿ ಬೀಗರ ಮನಿಯಾಗ ಚೀಲ ಇಟ್ಟಾಕಿ ಸೀದಾ ಒಲಿ ಮುಂದ ನಿಂತ್ಕೊಂತಾಳ, "ಸ್ವಲ್ಪ ಮಲಗೆದ್ದು ಬರ್ತೀನ್ರೀ" ಅನ್ನಾಕ ಬರತೈತೇನು?

ಇನ್ನ ಹೊರಡೋ ದಿನದ್ದು ಬ್ಯಾರೆ ಲೆಕ್ಕ. ಮುಂಜಾನೆ ಐದಕ್ಕ ಎದ್ದು, ದನಾ ಕರಾ ನೋಡಿ, ಹಿಂದ ಉಳಿಯೋರಿಗೆ ಎರಡು ದಿನದ ರೊಟ್ಟಿ ಬಡದು, ಶೇಂಗಾ ಚಟ್ನಿ ಕುಟ್ಟಿಟ್ಟು, ದಾರಿಗೆ ಬುತ್ತಿ ಕಟ್ಟಿ, ಮಗಳಿಗೆ ಕಾರಪುಡಿ, ಕೆಂಪ ಹಿಂಡಿ, ಹಪ್ಪಳ ಎಲ್ಲಾ ಗಂಟು ಮಾಡಿ ಸಂಜಿಮುಂದ ಮನಿ ಬಿಡ್ತಾಳ. ಅಂಥಾಕಿ ರಾತ್ರಿಯೆಲ್ಲಾ ಕುಂತು, ಮರುದಿನ ಮತ್ತ ನಿಂತು ದುಡದ್ರ ನಲವತ್ತು ತಾಸು ಕಣ್ಣ ಮುಚ್ಚಿಲ್ಲ ಅಂದಂಗಾತು. ಇದನ್ನ "ಒಂದ ರಾತ್ರಿ" ಅನ್ನೋರು ಒಂದ ಸಲ ಹಿಂಗ ಮಾಡಿ ತೋರಸ್ರಿ.

"ಹಂಗಾರ ಬಸ್ಸಿಗೆ ಹೋಗ್ರಿ, ಹೆಂಗಸರಿಗೆ ಪುಕ್ಕಟೆ ಐತಲ್ಲ" ಅಂತಾರ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಭಾಳ ಛಲೋ ಆತು, ಅದರ ಬಗ್ಗೆ ಎರಡು ಮಾತಿಲ್ಲ. ತವರಿಗೆ ಹೋಗೂದು, ಸಂತಿಗೆ ಹೋಗೂದು, ಹಾವೇರಿ ದವಾಖಾನಿಗೆ ಹೋಗೂದು ಎಲ್ಲಾ ಹಗುರ ಆತು. ಆದ್ರ ಶಕ್ತಿ ಇರೋದು ಸಾದಾ ಬಸ್ಸಿಗೆ, ವೇಗದೂತಕ್ಕ. ರಾಜಹಂಸ, ಸ್ಲೀಪರ್, ಎ.ಸಿ. ಬಸ್ಸಿಗೆ ಇಲ್ಲ. ಅಂದ್ರ ಪುಕ್ಕಟೆ ಹೋಗೋ ಹೆಂಗಸು ಬೆಳತನಕ ಕುಂತ ಹೋಗಬೇಕು. ಹಗಲಿಗೆ ಕೊಟ್ಟ ಸವಲತ್ತನ್ನ ರಾತ್ರಿ ನಿದ್ದಿ ಕಸಗೊಳ್ಳಾಕ ನೆವ ಮಾಡಬ್ಯಾಡ್ರಿ. ಮನಿಯಾಗ ನೋಡ್ರಿ ಈಗ: ಗಂಡಗ ಸ್ಲೀಪರ್ ಟಿಕೆಟ್, ಹೆಂಡ್ತಿಗೆ "ನಿಂದು ಫ್ರೀ ಐತಿ, ಬಸ್ಸಿಗೆ ಬಾ" ಅನ್ನೋ ಪದ್ಧತಿ ಸುರು ಆಗೇತಿ. ಸರಕಾರ ಕೊಟ್ಟದ್ದನ್ನ ಮನಿಯವ್ರು ಹಿಂಗ ವಸೂಲಿ ಮಾಡಿದ್ರ ಹೆಂಗ?

ಖಾಸಗಿ ಸ್ಲೀಪರ್ ಬಸ್ಸಿನ ಮಾತಿಗೆ ಬರ್ತೀನಿ. ಅದು ಹಾನಗಲ್ಲ ಸ್ಟ್ಯಾಂಡಿನ ಮಗ್ಗಲದಾಗ, ಶಿಗ್ಗಾಂವಿ ಹೈವೇ ಮ್ಯಾಲೆ, ಹಿರೇಕೆರೂರ ಸರ್ಕಲ್ಲಿನಾಗ ಬಂದು ಹತ್ತಿಸ್ಕೊಂತೈತಿ, ಅದು ಖರೆ. ಮಲಗಾಕ ಜಾಗಾನೂ ಐತಿ. ಆದ್ರ ಮೂರು ಮಾತು ಕೇಳ್ರಿ.

ಒಂದನೇದ್ದು, ಶೌಚಾಲಯ. ಬಸ್ಸಿನಾಗ ಇಲ್ಲ. ಡ್ರೈವರ್ ಯಾವಾಗ ಧಾಬಾಕ್ಕ ನಿಲ್ಲಸ್ತಾನ, ಅಲ್ಲಿ ಹೆಂಗಿರತೈತಿ, ಅದು ದೇವರ ಇಚ್ಛಾ. ನಮ್ಮತ್ತಿಯವ್ರಿಗೆ ಸಕ್ಕರಿ ಬ್ಯಾನಿ. ಬಸ್ಸಿಗೆ ಹೋಗೂದಿದ್ರ ಮಧ್ಯಾಹ್ನದಿಂದನ ನೀರು ಕುಡ್ಯೂದು ಬಿಡತಾರ. "ಯಾಕ್ರೀ ಅತ್ತಿ" ಅಂದ್ರ "ನಡುದಾರ್ಯಾಗ ಬಸ್ ನಿಲ್ಲಸು ಅನ್ನಾಕ ಮಾರಿ ಬರೂದಿಲ್ಲವ್ವಾ" ಅಂತಾರ. ವೈದ್ಯರ ಕಡೆ ಹೋಗೂ ಮುಂದ ಮೈಯಾಗಿನ ನೀರು ಒಣಗಿಸ್ಕೊಂಡು ಹೋಗೋ ಪರಿಸ್ಥಿತಿ ಇದು. ರೈಲಿನ ಡಬ್ಬಿಗೆ ಎರಡೂ ತುದಿಗೆ ಶೌಚಾಲಯ ಇರತಾವ. ಗಬ್ಬು ನಾರತಾವ, ನೀರು ನಿಂತಿರತೈತಿ, ಒಪ್ಪತೀನಿ. ಆದ್ರ ಅದಾವ, ಮತ್ತ ಯಾರನ್ನೂ ಕೇಳೂದು ಬ್ಯಾಡ.

ಎರಡನೇದ್ದು, ಜೀವ. 2013ರ ನವೆಂಬರ್ 14ರ ಬೆಳಗಿನ ಜಾವ ನಮ್ಮ ಜಿಲ್ಲೆಯ ಕುಣಿಮೆಳ್ಳಿಹಳ್ಳಿ ಹತ್ರ ಹೈವೇದಾಗ ಬೆಂಗಳೂರಿಂದ ಮುಂಬೈಗೆ ಹೊಂಟಿದ್ದ ಬಸ್ಸಿಗೆ ಬೆಂಕಿ ಹತ್ತಿ 7 ಮಂದಿ ಸುಟ್ಟು ಹೋದ್ರು. ಅದಕ್ಕ ಎರಡು ವಾರ ಮೊದಲ, ಅಕ್ಟೋಬರ್ 30ಕ್ಕ, ಬೆಂಗಳೂರಿಂದ ಹೈದರಾಬಾದಿಗೆ ಹೊಂಟ ಬಸ್ಸು ಮಹಬೂಬನಗರ ಜಿಲ್ಲೆಯಾಗ ಸುಟ್ಟು 45 ಮಂದಿ ತೀರಿಕೊಂಡಿದ್ರು. 2025ರ ಅಕ್ಟೋಬರ್‌ದಾಗ ಕರ್ನೂಲ ಹತ್ರ ಮತ್ತ ಹಂಗ ಆತು, ಹೈದರಾಬಾದಿಂದ ಬೆಂಗಳೂರಿಗೆ ಬರೋ ಬಸ್ಸು. ಚೀನಾ ದೇಶದಾಗ 2011ರಾಗ ಇಂಥಾದ್ದ ಒಂದು ಸ್ಲೀಪರ್ ಬಸ್ ಸುಟ್ಟು 41 ಮಂದಿ ಸತ್ತ ಮ್ಯಾಲೆ, 2012ರಿಂದ ಹೊಸಾ ಸ್ಲೀಪರ್ ಬಸ್ ನೋಂದಣಿನ ನಿಲ್ಲಿಸಿಬಿಟ್ರು. ಮಲಗಿದ್ದ ಮಂದಿ, ಸಣ್ಣ ಓಣಿ, ಒಂದ ಬಾಗಲಾ: ಬೆಂಕಿ ಹತ್ತಿದ್ರ ಎದ್ದು ಓಡಾಕ ಆಗೂದಿಲ್ಲ. ರೈಲಿನ್ಯಾಗ ಅಪಘಾತ ಆಗೂದಿಲ್ಲ ಅಂತ ಅಲ್ಲ. ಆದ್ರ ಅಲ್ಲಿ ಒಬ್ಬನ ಡ್ರೈವರಿನ ತೂಕಡಿಕಿ ಮ್ಯಾಲೆ ಮೂವತ್ತು ಮಂದಿ ಜೀವ ನಿಂತಿರೂದಿಲ್ಲ.

ಮೂರನೇದ್ದು, ರೇಟು. ದೀಪಾವಳಿ, ಯುಗಾದಿ, ಗಣೇಶ ಚವತಿ ಬಂದ್ರ ಖಾಸಗಿ ಬಸ್ಸಿನ ಟಿಕೆಟ್ ಎರಡು ಪಟ್ಟು, ಮೂರು ಪಟ್ಟು ಆಗತೈತಿ. ಸ್ಲೀಪರ್ ರೈಲಿಗೆ ಹಬ್ಬಕ್ಕೂ ಅದ ದರ, ಹುಣ್ಣಿಮಿಗೂ ಅದ ದರ. ತತ್ಕಾಲ್ ಮಾಡಿಸಿದ್ರೂ ಸ್ಲೀಪರಿಗೆ ಹೆಚ್ಚಿಗೆ ತಗೊಳ್ಳೂದು 100ರಿಂದ 200 ರೂಪಾಯಿ ಒಳಗ. ಬಡವ್ರ ಮನಿಗೆ ಮುಂಚೇನ ಗೊತ್ತಿರೋ ರೇಟು ಅಂದ್ರ ಅದೂ ಒಂದು ಆಸ್ತಿ ಇದ್ದಂಗ.

ಈಗ ಕಲತವ್ರ ವಾದ ಕೇಳ್ರಿ. "ವಂದೇ ಭಾರತ ಬಂದೈತಲ್ಲ, ಇನ್ನ ರಾತ್ರಿ ಗಾಡಿ ಯಾಕ ಬೇಕು?" ಅಂತಾರ. 2023ರ ಜೂನ್‌ದಾಗ ಧಾರವಾಡ–ಬೆಂಗಳೂರು ವಂದೇ ಭಾರತ ಸುರು ಆತು. ಗಾಡಿ ಚಂದ ಐತಿ, ಜೋರ ಹೋಗತೈತಿ. ಆದ್ರ ಅದು ಹಗಲ ಗಾಡಿ, ಕುಂತ ಹೋಗೋ ಗಾಡಿ. ಅದರಾಗ ಹೋಗಬೇಕಂದ್ರ ಒಂದು ಹಗಲು ಹೋಗಾಕ, ಒಂದು ಹಗಲು ಬರಾಕ. ಆಸ್ಪತ್ರಿ ಕೆಲಸ ನಡುವ ಒಂದು ದಿನ. ಅಂದ್ರ ಮೂರು ದಿನದ ಪಗಾರ ಹೋತು, ಎರಡು ರಾತ್ರಿ ಬೆಂಗಳೂರಾಗ ಲಾಡ್ಜ್ ಮಾಡಬೇಕು, ಇಲ್ಲಾ ಸಂಬಂಧಿಕರ ಮನಿ ಹಾಲಿನಾಗ ಚಾಪಿ ಹಾಸಬೇಕು. ರಾತ್ರಿ ಗಾಡಿಗೆ ಹೋಗಿ, ಹಗಲು ಕೆಲಸ ಮುಗಿಸಿ, ಮತ್ತ ರಾತ್ರಿ ಗಾಡಿಗೆ ಬಂದ್ರ ಕಳಕೊಳ್ಳೂದು ಒಂದ ದಿನ. ಕೂಲಿ ಮಾಡೋ ಮನಿಗೆ ರಾತ್ರಿ ರೈಲು ಅಂದ್ರ ಗಾಡಿನೂ ಹೌದು, ಲಾಡ್ಜೂ ಹೌದು. ಸಾಹೇಬ್ರಿಗೆ ಆರು ತಾಸಿನ್ಯಾಗ ಮುಟ್ಟೂದು ಲಾಭ ಕಾಣತೈತಿ. ನಮಗ ಮಲಗಿದ್ದಾಗ ಮುಟ್ಟೂದು ಲಾಭ.

ಇದು ನಮ್ಮ ಹಳ್ಳಿ ಹೆಂಗಸರ ಹಟ ಅಂತ ತಿಳಕೋಬ್ಯಾಡ್ರಿ. ಯುರೋಪಿನ್ಯಾಗ ಜರ್ಮನಿ ರೈಲ್ವೆಯವ್ರು 2016ರಾಗ ತಮ್ಮ ಮಲಗೋ ಗಾಡಿ ಎಲ್ಲಾ ಬಂದ್ ಮಾಡಿದ್ರು, ಲಾಭ ಇಲ್ಲ ಅಂತ. ಬಾಜೂಕಿನ ಆಸ್ಟ್ರಿಯಾ ಸಣ್ಣ ದೇಶ, ಅದು ಆ ಗಾಡಿಗಳನ್ನ ತಗೊಂಡು 'ನೈಟ್‌ಜೆಟ್' ಅಂತ ಹೆಸರಿಟ್ಟು ನಡಿಸ್ತು, ಈಗ ಹೊಸ ಡಬ್ಬಿ ಕಟ್ಟಿಸಿ ಓಡಸ್ತೈತಿ. ವೇಗದ ಗಾಡಿ ಬಂದ್ರೂ ಮಲಗೋ ಗಾಡಿ ಬೇಕಂತ ಅವ್ರಿಗೂ ತಿಳೀತು.

ನಮ್ಮ ಕಡೆ ಮಲಗೋ ಗಾಡಿ ಹೊಸಾದಲ್ಲ. 1880ರ ದಶಕದಾಗ ಸದರ್ನ್ ಮರಾಠಾ ರೈಲ್ವೆಯವ್ರು ಹುಬ್ಬಳ್ಳಿ–ಹರಿಹರ ಹಳಿ ಹಾಕಿದಾಗಿಂದ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರ ರೈಲಿನ ದಾರ್ಯಾಗ ಅದಾವ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಅಂದ್ರ ನಮ್ಮ ಹಿರಿಯರಿಗೆ ಮನಿ ಮಗಳ ಹೆಸರು ಹೇಳಿದಂಗ. ಮೀಟರ್ ಗೇಜ್ ಇದ್ದಾಗಿನಿಂದ ಅದರಾಗ ಹೋಗಿ ಬಂದವ್ರು ಇನ್ನೂ ಅದಾರ. ರಾತ್ರಿ ಬೆಂಗಳೂರು ಬಿಟ್ಟು ಬೆಳಗಾಗೂದ್ರಾಗ ನಮ್ಮ ಸೀಮಿಗೆ ಮುಟ್ಟಸ್ತೈತಿ. ಗೋಲಗುಂಬಜ್ ಎಕ್ಸ್‌ಪ್ರೆಸ್ಸೂ ಇದ ಹಳಿ ಮ್ಯಾಲೆ ರಾತ್ರಿ ಹೋಗತೈತಿ. ಈಗ ಜೋಡಿ ಹಳಿ ಆದ್ವು, ಕರೆಂಟಿನ ತಂತಿ ಬಂತು. ದಾರಿ ಅಗಲ ಆದ ಮ್ಯಾಲೆ ಬಡವ್ರ ಜಾಗಾ ಸಣ್ಣದಾದ್ರ ಯಾರಿಗೆ ಹೇಳೂಣು?

ಜಾಗಾ ಸಣ್ಣದಾಗೂದು ಹೆಂಗ ಅಂದ್ರ ಹಿಂಗ. ಹಳೇ ನಮೂನಿ ಸ್ಲೀಪರ್ ಡಬ್ಬ್ಯಾಗ 72 ಬರ್ತ್, ಹೊಸಾ ಎಲ್‌ಎಚ್‌ಬಿ ಡಬ್ಬ್ಯಾಗ 80. ಡಬ್ಬಿ ದೊಡ್ಡದಾತು, ಛಲೋ ಆತು ಅಂತೀರಿ. ಆದ್ರ ದೇಶದಾಗ ಎಷ್ಟೋ ಗಾಡ್ಯಾಗ ಎಲ್‌ಎಚ್‌ಬಿ ಹಾಕೂ ಮುಂದ ಸ್ಲೀಪರ್ ಡಬ್ಬಿ ಕಡಿಮಿ ಮಾಡಿ ಮೂರನೇ ದರ್ಜೆ ಎ.ಸಿ. ಡಬ್ಬಿ ಹೆಚ್ಚಿಗೆ ಹಾಕ್ಯಾರ. ಎ.ಸಿ. ಟಿಕೆಟ್ ಸ್ಲೀಪರಿನ ಎರಡು ಪಟ್ಟಿಗೂ ಹೆಚ್ಚು. ಹೊಸಾ ವಂದೇ ಭಾರತ ಸ್ಲೀಪರ್ ನೋಡ್ರಿ: 16 ಡಬ್ಬಿ, 823 ಬರ್ತ್, ಒಂದೂ ಬಿಡದಂಗ ಎಲ್ಲಾ ಎ.ಸಿ. ಹೆಸರಿನ್ಯಾಗ ಸ್ಲೀಪರ್ ಐತಿ, ಸ್ಲೀಪರ್ ದರ್ಜೆ ಇಲ್ಲ.

"ಜನಾನ ಎ.ಸಿ. ಕೇಳತಾರ" ಅಂತಾರ ರೈಲ್ವೆಯವ್ರು. ಕೇಳೋರು ಇರಬಹುದು, ಹಾಕ್ರಿ. ನಾವು ಎ.ಸಿ. ಬ್ಯಾಡ ಅನ್ನಂಗಿಲ್ಲ. ಹೆಚ್ಚಿಗೆ ಹಾಕ್ರಿ, ತಗದು ಹಾಕಬ್ಯಾಡ್ರಿ. ಸ್ಲೀಪರ್ ಸಿಗಲಿಲ್ಲ ಅಂತ ಮನಿ ಒಡತಿ ಎರಡು ಪಟ್ಟು ಕೊಟ್ಟು ಎ.ಸಿ. ಹತ್ತಿದ್ರ ಅದಕ್ಕ ಬೇಡಿಕೆ ಅನ್ನಾಕ ಬರೂದಿಲ್ಲ. ಸಂತಿಯಾಗ ಜ್ವಾಳ ಮಾರೂದು ಬಂದ್ ಮಾಡಿ, ಮಂದಿ ಎಲ್ಲಾ ಅಕ್ಕಿನ ಬೇಡತಾರ ಅಂದಂಗಾತು.

ಟಿಕೆಟ್ಟಿನ ಮ್ಯಾಲೆ ಅಚ್ಚು ಹಾಕಿರತಾರ, ಓದೀರಿಲ್ಲೋ: ರೈಲ್ವೆಗೆ ಪ್ರಯಾಣದ ಖರ್ಚಿನ 57% ಅಷ್ಟ ವಾಪಸ್ ಬರತೈತಿ ಅಂತ. ಅಂದ್ರ ಉಳಿದದ್ದನ್ನ ನಾವು ನಿಮಗ ದಾನ ಮಾಡೇವಿ ಅಂತ ಹಂಗಿಸಿದಂಗ. ರಸ್ತೆ ಮಾಡೂ ಮುಂದ ಹಿಂಗ ಯಾರರ ಬೋರ್ಡ ಹಾಕ್ಯಾರೇನು? ಕಿದ್ವಾಯಿಗೆ ಹೊಂಟ ರೋಗಿಗೆ ಮಲಗಾಕ ಜಾಗಾ ಕೊಡೂದು ದೇಶದ ಖರ್ಚು, ದಾನ ಅಲ್ಲ. ರೈಲ್ವೆಗೂ ಇದು ಗೊತ್ತೈತಿ. ಅದಕ್ಕ ಕ್ಯಾನ್ಸರ್ ರೋಗಿ ಚಿಕಿತ್ಸಾಕ್ಕ ಹೋಗೂ ಮುಂದ ಸ್ಲೀಪರಿನ್ಯಾಗ, ಮೂರನೇ ಎ.ಸಿ.ಯಾಗ ಪೂರ್ತಿ ರಿಯಾಯಿತಿ ಐತಿ, ಜತಿಗೆ ಹೋಗೋರಿಗೆ 75% ಐತಿ. ಎಷ್ಟು ಮನಿಗೆ ಗೊತ್ತೈತಿ ಇದು? ಆಸ್ಪತ್ರಿ ಸರ್ಟಿಫಿಕೇಟ್ ತಗೊಂಡು ಕೌಂಟರಿಗೆ ಹೋಗಿ ಕೇಳ್ರಿ, ಬಿಡಬ್ಯಾಡ್ರಿ.

ಆದ್ರ ಕೊಟ್ಟ ಇನ್ನೊಂದನ್ನ ಕಸಗೊಂಡಾರ. 60 ದಾಟಿದ ಗಂಡಸರಿಗೆ 40%, 58 ದಾಟಿದ ಹೆಂಗಸರಿಗೆ 50% ರಿಯಾಯಿತಿ ಇತ್ತು. 2020ರ ಮಾರ್ಚ್‌ದಾಗ ಕೊರೋನಾ ನೆವ ಹೇಳಿ ನಿಲ್ಲಿಸಿದ್ರು. ಕೊರೋನಾ ಹೋತು, ರಿಯಾಯಿತಿ ವಾಪಸ್ ಬರಲಿಲ್ಲ. ಸಂಸತ್ತಿನ ರೈಲ್ವೆ ಸ್ಥಾಯಿ ಸಮಿತಿಯವ್ರ ಕೇಳ್ಯಾರ, ಸ್ಲೀಪರಿಗೆ, ಮೂರನೇ ಎ.ಸಿ.ಗೆ ಆದ್ರೂ ತಿರುಗಿ ಕೊಡ್ರಿ ಅಂತ. ಕೇಳಿದ್ದು ಕೇಳಿದಂಗ ಐತಿ.

ಇನ್ನ ನಮ್ಮ ನಾಲ್ಕು ತಾಲೂಕಿನವ್ರ ದೊಡ್ಡ ತಕರಾರು. ಇದು ಖರೇನ ಗಟ್ಟಿ ತಕರಾರು. "ನಮ್ಮೂರಿಗೆ ರೈಲ ಇಲ್ಲ. ಹಾವೇರಿಗೆ ಹೋಗಿ ಸರುವೊತ್ತಿನ್ಯಾಗ ಸ್ಟೇಷನ್ ಕಾಯೋರು ಯಾರು?" ಹಾನಗಲ್ಲಿಗೆ ರೈಲ ಇಲ್ಲ, ಶಿಗ್ಗಾಂವಿಗೆ ಇಲ್ಲ, ಹಿರೇಕೆರೂರಿಗೆ ಇಲ್ಲ. ಸವಣೂರ ಅಂತ ಹೆಸರಿನ ಸ್ಟೇಷನ್ ಐತಿ, ಆದ್ರ ಊರು ಒಂದ ಕಡೆ, ಸ್ಟೇಷನ್ ಒಂದ ಕಡೆ. ಹಾನಗಲ್ಲಿನಾಕಿ ಮೂವತ್ತು ಕಿಲೋಮೀಟರಿನ ಮ್ಯಾಲೆ ಹಾವೇರಿಗೆ ಬರಬೇಕು. ಹಿರೇಕೆರೂರಾಕಿ ರಾಣೇಬೆನ್ನೂರಿಗೆ ಹೋಗಬೇಕು. ಹೋಗೂ ಮುಂದ ಸಂಜಿ ಬಸ್ಸು ಸಿಗತೈತಿ, ಆಮ್ಯಾಲೆ ಪ್ಲಾಟ್‌ಫಾರ್ಮಿನ್ಯಾಗ ಮೂರು–ನಾಕು ತಾಸು ಚೀಲ ಕಾಯ್ಕೊಂತ ಕುಂದ್ರಬೇಕು. ಬರೂ ಮುಂದ ಇನ್ನೂ ಕಷ್ಟ: ಬೆಳಗಿನ ಜಾವ ಇಳದ್ರ ಹೊರಗ ಆಟೋದವ್ರು ಹೇಳಿದ್ದ ರೇಟು. ಸ್ಲೀಪರಿನ್ಯಾಗ ಉಳಿಸಿದ್ದು ಆಟೋಕ್ಕ ಹೋತು.

ಈ ತಕರಾರಿನಿಂದ "ಅದಕ್ಕ ರೈಲು ಬ್ಯಾಡ" ಅನ್ನೋ ಮಾತು ಹುಟ್ಟೂದಿಲ್ಲ. "ರೈಲಿಗೆ ಕೂಡೋ ಬಸ್ಸು ಬೇಕು" ಅನ್ನೋ ಮಾತು ಹುಟ್ಟತೈತಿ. ನೈಋತ್ಯ ರೈಲ್ವೆ ಕಚೇರಿ ಹುಬ್ಬಳ್ಳ್ಯಾಗ ಐತಿ. ವಾಯವ್ಯ ಸಾರಿಗೆ ಕಚೇರಿನೂ ಹುಬ್ಬಳ್ಳ್ಯಾಗ ಐತಿ. ಒಂದ ಊರಾಗ ಕುಂತವ್ರು ತಮ್ಮ ತಮ್ಮ ಟೈಂ ಟೇಬಲ್ ಒಬ್ರಿಗೊಬ್ರು ತೋರಿಸ್ಕೊಳ್ಳಾಕ ಏನ ಅಡ್ಡಿ? ರೈಲು ಬರೋ ಹೊತ್ತಿಗೆ ಹಾವೇರಿ ಸ್ಟೇಷನ್ ಮುಂದ ಹಾನಗಲ್ಲಿಗೊಂದು, ಸವಣೂರ–ಶಿಗ್ಗಾಂವಿಗೊಂದು, ರಾಣೇಬೆನ್ನೂರಾಗ ಹಿರೇಕೆರೂರಿಗೊಂದು ಬಸ್ ನಿಂತ್ರ ಸಾಕು. ದೊಡ್ಡ ಯೋಜನೆ ಬೇಕಿಲ್ಲ, ಭೂಮಿಪೂಜೆ ಬೇಕಿಲ್ಲ. ಗಾಡಿ ತಡ ಆದ್ರ ಕಾಯಬೇಕು ಅಂತ ಡ್ರೈವರಿಗೆ ಒಂದು ಹೇಳಿಕಿ ಸಾಕು. ಶಿವಮೊಗ್ಗ–ಶಿಕಾರಿಪುರ–ರಾಣೇಬೆನ್ನೂರ ಹೊಸಾ ಹಳಿ ಆಗತೈತಿ, ಆದ್ರ ಛಲೋನ. ಆದ್ರ ಹಳಿ ಬರೋತನಕ ಹಿರೇಕೆರೂರಿನ ಹೆಂಗಸು ಎಲ್ಲಿ ಮಲಗಬೇಕು?

ಮಂದಿಗೆ ಇಷ್ಟು ಅಂದ ಮ್ಯಾಲೆ ನಮ್ಮವ್ರಿಗೂ ಎರಡು ಮಾತು ಅನ್ನಬೇಕು. ಸ್ಲೀಪರ್ ಡಬ್ಬಿ ಅಂದ್ರ ಗಲೀಜು ಅಂತ ಹೆಸರ ತಂದವ್ರೊಳಗ ನಾವೂ ಅದೀವಿ. ಶೇಂಗಾ ಸಿಪ್ಪಿ ಬರ್ತಿನ ಕೆಳಗ ಚೆಲ್ಲೂದು, ಎಲಿ ಅಡಕಿ ಹಾಕ್ಕೊಂಡು ಕಿಡಕ್ಯಾಗ ಉಗಳೂದು, ನಡುರಾತ್ರಿ ಮೊಬೈಲಿನ್ಯಾಗ ಜೋರಾಗಿ ವಿಡಿಯೋ ಹಚ್ಚೂದು. ನಡುವಿನ ಬರ್ತ್ ಹಾಕೋ ಹೊತ್ತು ರಾತ್ರಿ 10ರಿಂದ ಮುಂಜಾನೆ 6ರ ತನಕ. ಆ ಹೊತ್ತಿನ್ಯಾಗ ಕೆಳಗಿನಾಕಿ ಮಲಗೂದು ಆಕಿ ಹಕ್ಕು, "ಇನ್ನೊಂದ ತಾಸು ಮಾತಾಡೂಣು" ಅಂತ ನಾಕು ಮಂದಿ ಆಕಿ ಕಾಲ ಮ್ಯಾಲೆ ಕುಂದ್ರೂದು ಹಕ್ಕಲ್ಲ.

ಮತ್ತ ಕೆಳಗಿನ ಬರ್ತಿನ ಜಗಳ. 45 ದಾಟಿದ ಹೆಂಗಸರಿಗೆ, ಹಿರಿಯ ನಾಗರಿಕರಿಗೆ, ಬಸುರಿ ಹೆಂಗಸರಿಗೆ ಕೆಳಗಿನ ಬರ್ತಿನ ಕೋಟಾ ಐತಿ. ಆದ್ರ ಅದು ಒಬ್ರ ಇದ್ರ, ಇಲ್ಲಾ ಇಬ್ರ ಇದ್ರ ಅಷ್ಟ. ಮನಿ ಮಂದಿ ಐದಾರು ಜನ ಸೇರಿ ಒಂದ ಟಿಕೆಟ್ಟಿನ್ಯಾಗ ಬುಕ್ ಮಾಡಿದ್ರ ಆ ಕೋಟಾ ಸಿಗೂದಿಲ್ಲ, ಅಜ್ಜಿಗೆ ಮ್ಯಾಲಿನ ಬರ್ತ್ ಬೀಳತೈತಿ. ಆಮ್ಯಾಲೆ ಡಬ್ಬ್ಯಾಗ ಇದ್ದಬದ್ದ ಹುಡುಗ್ರ ಮುಂದ ಕೈ ಮುಗಿಯೋ ಪಾಳಿ. ಅಜ್ಜ ಅಜ್ಜಿದು ಬ್ಯಾರೆ ಟಿಕೆಟ್ ಮಾಡ್ರಿ. ಬುಕಿಂಗ್ ಈಗ 60 ದಿನ ಮೊದಲ ತಗೀತೈತಿ, ಮೊದಲಿನಂಗ 120 ದಿನ ಅಲ್ಲ. ಆಸ್ಪತ್ರಿ ತಾರೀಖು ಬಂದ ದಿನಾನ ಮಾಡ್ರಿ. ವೇಟಿಂಗ್ ಟಿಕೆಟ್ ಹಿಡಕೊಂಡು ಸ್ಲೀಪರ್ ಹತ್ತಿದ್ರ ಇಳಸ್ತಾರ, ಅದೂ ನೆಪ್ಪಿರಲಿ.

ಕಡೀಗೆ ಮನಿಯ ಗಂಡಸರಿಗೆ. ಬೀಗರ ಮುಂದ "ನಮ್ಮ ಮನಿಯಾಕಿ ರೈಲಿಗೆ ಮಲಕೊಂಡ ಹೋದ್ಲು" ಅಂತ ಹೇಳೂದು ನಾಚಿಕಿ ಅಲ್ಲ. ರಾತ್ರಿಯೆಲ್ಲಾ ಕುಂತು, ಕಾಲು ಬಾತು, ಬೀಗರ ಮನಿಗೆ ಹೋಗಿ ಬಚ್ಚಲದಾಗ ತಲಿ ತಿರುಗಿ ಬಿದ್ರ ಅದು ನಾಚಿಕಿ. ಆಸ್ಪತ್ರಿಗೆ ಸಾವಿರ ಖರ್ಚು ಮಾಡೋ ಮುಂದ ಲೆಕ್ಕ ಹಾಕದವ್ರು ಒಂದು ಸ್ಲೀಪರ್ ಟಿಕೆಟ್ಟಿಗೆ ಯಾಕ ಅಷ್ಟು ಬಳ್ಳು ಮಡಚಿ ಲೆಕ್ಕ ಹಾಕತೀರಿ?

ಹಾವೇರಿ ಸ್ಟೇಷನ್ ಮೈಸೂರು ರೈಲ್ವೆ ವಿಭಾಗಕ್ಕ ಸೇರತೈತಿ. ಹುತಾತ್ಮ ಮೈಲಾರ ಮಹದೇವಪ್ಪನವ್ರ ಹೆಸರಿನ ಸ್ಟೇಷನ್ ಅದು, ಗಾಂಧೀಜಿ ಜೋಡಿ 1930ರಾಗ ದಂಡಿತನಕ ನಡದವ್ರು. ಅಂಥವ್ರ ಹೆಸರಿನ ಸ್ಟೇಷನ್ನಿನ್ಯಾಗ ಹೆಂಗಸರಿಗೆ ರಾತ್ರಿ ಬಾಗಲಾ ತೆರದಿರೋ, ಬೆಳಕಿರೋ, ನೀರಿರೋ ಒಂದು ಕಾಯೋ ಕೋಣಿ ಕೇಳೂದು ಹೆಚ್ಚಿಂದಲ್ಲ. ನಮ್ಮ ಸ್ತ್ರೀಶಕ್ತಿ ಸಂಘದವ್ರು, ಧರ್ಮಸ್ಥಳ ಸಂಘದವ್ರು ವಾರಕ್ಕೊಮ್ಮೆ ಕೂಡ್ತಾರಲ್ಲ, ಈ ವಾರ ಒಂದು ಅರ್ಜಿ ಬರೀರಿ. ನಾಕ ಮಾತು ಸಾಕು: ರಾತ್ರಿ ಗಾಡಿಗಳಾಗ ಸ್ಲೀಪರ್ ಡಬ್ಬಿ ಒಂದೂ ಕಡಿಮಿ ಮಾಡಬ್ಯಾಡ್ರಿ. ರೈಲಿಗೆ ಕೂಡೋ ಬಸ್ ಬಿಡ್ರಿ. ಕಾಯೋ ಕೋಣಿ ರಾತ್ರಿ ತೆರೀರಿ. ಹಿರಿಯರ ರಿಯಾಯಿತಿ ಸ್ಲೀಪರಿಗಾದ್ರೂ ವಾಪಸ್ ಕೊಡ್ರಿ. ಒಂದು ಪ್ರತಿ ಮೈಸೂರು ವಿಭಾಗಕ್ಕ, ಒಂದು ಹುಬ್ಬಳ್ಳಿ ರೈಲ್ವೆ ಕಚೇರಿಗೆ, ಒಂದು ವಾಯವ್ಯ ಸಾರಿಗೆಯ ಹಾವೇರಿ ವಿಭಾಗಕ್ಕ, ಒಂದು ಎಂ.ಪಿ.ಯವ್ರಿಗೆ. ಸಹಿ ಬರದವ್ರು ಹೆಬ್ಬೆಟ್ಟು ಒತ್ರಿ, ಅದೂ ನಡೀತೈತಿ. ಅರ್ಜಿ ಬರಿಯೂ ಮುಂದ ಯಾರರ "ಒಂದ ರಾತ್ರಿ ಕುಂತು ಹೋದ್ರ ಏನ್ ಸಾಯ್ತೀರೇನು" ಅಂದ್ರ, ಅವ್ರ ಸಹಿನ ಮೊದಲ ಹಾಕಿಸ್ಕೊಳ್ರಿ.